ಕರಿಕೋಟು ತೊಟ್ಟ ಮೇಲೆ ಯಾರು ದಿಕ್ಕು?
(ಬೂದಿಕೋಟೆಯಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹರೂಪ)



ಕಾನೂನು ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದರೆ ಏನು ನಡೆಯುತ್ತದೆ? ನ್ಯಾಯಾಧೀಶರಾದವರಿಗೆ ಹಾರ, ಗುರುಗಳಿಗೆ ಶಾಲು, ಮಧ್ಯಾಹ್ನಕ್ಕೆ ಊಟ. ಅದು ಬೇಡವೆಂದು ನಾನು ಹೇಳುವುದಿಲ್ಲ. ಈಗ ಅದೇ ಬೆಂಚಿನಲ್ಲಿ ಕುಳಿತು ಓದುತ್ತಿರುವ ಬಡವರ ಮಗುವಿಗೆ ಅದರಿಂದ ಏನು ಸಿಕ್ಕಿತು ಎಂದಷ್ಟೇ ಕೇಳುತ್ತೇನೆ.

ನಮ್ಮ ಸೀಮೆಯ ಕಥೆ ನಿಮಗೆ ಗೊತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿಗೆ ಗಂಟುಬಿದ್ದಿದೆ. ಇಂಥ ಕಡೆ ಕೆ.ಜಿ.ಎಫ್.ನಲ್ಲಿ ಕೆಂಗಲ್ ಹನುಮಂತಯ್ಯನವರ ಹೆಸರಿನ ಕಾನೂನು ಕಾಲೇಜು ಇರುವುದು ಸಣ್ಣ ಮಾತಲ್ಲ. ಹನುಮಂತಯ್ಯನವರೂ ವಕೀಲರಾಗಿದ್ದವರೇ. ಊರಲ್ಲೇ ಇದ್ದು ಲಾ ಓದಬಹುದು ಎಂಬ ಧೈರ್ಯವನ್ನು ಇಂಥ ಕಾಲೇಜು ಕೊಡುತ್ತದೆ.

ಆದರೆ ಬಡ ವಿದ್ಯಾರ್ಥಿ ಎಡವುವ ಜಾಗಗಳು ಎರಡಿವೆ. ಒಂದು ಕಾಲೇಜಿನ ಬಾಗಿಲ ಮುಂದೆ, ಇನ್ನೊಂದು ಬಾಗಿಲು ದಾಟಿ ಹೊರಬಂದ ಮೇಲೆ.

ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಹೋಗಬೇಕಾದರೆ ಕ್ಲಾಟ್ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಗು ಮೂರು ಭಾಷೆ ಬಲ್ಲದ್ದಾದರೂ ಆ ಬಾಗಿಲಲ್ಲಿ ದಡ್ಡನೆನಿಸಿಕೊಳ್ಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಹಳೆಯ ವಿದ್ಯಾರ್ಥಿ ಶಮ್ನಾದ್ ಬಶೀರ್ ಈ ಅನ್ಯಾಯ ಕಂಡು 2010ರಲ್ಲಿ ಐ.ಡಿ.ಐ.ಎ. ಎಂಬ ಸಂಸ್ಥೆ ಕಟ್ಟಿದರು. ಲಾ ಓದುತ್ತಿರುವ ಹುಡುಗ ಹುಡುಗಿಯರೇ ಹಳ್ಳಿಯ ಶಾಲೆಗಳಿಗೆ ಹೋಗಿ ಜಾಣ ಮಕ್ಕಳನ್ನು ಹುಡುಕಿದರು, ಪಾಠ ಹೇಳಿದರು. ಸೀಟು ಸಿಕ್ಕ ಮೇಲೂ ಕೈಬಿಡದೆ ಫೀಜಿಗೆ ದಾರಿ ಮಾಡಿ, ಓದಿಗೆ ಹಿರಿಯರ ಜೊತೆ ಕೊಟ್ಟರು. ಬಶೀರ್ 2019ರಲ್ಲಿ ತೀರಿಕೊಂಡರೂ ಅವರು ಹಚ್ಚಿದ ದೀಪ ಉರಿಯುತ್ತಲೇ ಇದೆ.

ಎರಡನೆಯ ಎಡವು ಪದವಿ ಮುಗಿದ ಮೇಲಿನದು. ಸನ್ನದು ಪಡೆಯಲು ಅನೇಕ ರಾಜ್ಯಗಳ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಇದನ್ನು ನಿಮ್ಮ ಮಕ್ಕಳಿಗೆ ತಿಳಿಸಿರಿ.

ಕೋರ್ಟು ಶುಲ್ಕ ಇಳಿಸಬಹುದು, ಹಸಿವು ಇಳಿಸಲಾಗದು. ಹಿರಿಯರ ಕೈಕೆಳಗೆ ಕೆಲಸ ಕಲಿಯುವ ಮೊದಲ ಮೂರು ನಾಲ್ಕು ವರ್ಷ ಜೂನಿಯರ್‌ಗೆ ಕೈಗೆ ಬರುವುದು ಅಷ್ಟಕ್ಕಷ್ಟೆ. ತಂದೆಯ ದುಡ್ಡಿದ್ದವನು ಕಾಯುತ್ತಾನೆ. ಇಲ್ಲದವನು ಕರಿಕೋಟು ಮಡಿಸಿಟ್ಟು ಸಂಬಳದ ಕೆಲಸ ಹುಡುಕುತ್ತಾನೆ. ಹೆಣ್ಣುಮಗಳಾದರೆ ಮನೆಯವರು ಮದುವೆಯ ಮಾತು ತೆಗೆಯುತ್ತಾರೆ. ಹೀಗೆ ಬಡವರ ವಕೀಲರು ಬಡವರ ನಡುವಿನಿಂದಲೇ ಹುಟ್ಟುವುದು ನಿಂತುಹೋಗುತ್ತದೆ. ನಷ್ಟ ಆ ಹುಡುಗನದಷ್ಟೇ ಅಲ್ಲ, ಪಹಣಿ ಹಿಡಿದು ಕೋರ್ಟಿನ ಮೆಟ್ಟಿಲಲ್ಲಿ ನಿಂತ ರೈತನದೂ ಹೌದು.

ಆದ್ದರಿಂದ ಬಂಗಾರಪೇಟೆ, ಕೆ.ಜಿ.ಎಫ್. ಕೋರ್ಟುಗಳಲ್ಲಿ ನೆಲೆಯೂರಿದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಕಚೇರಿಗೆ ಬರುವ ಜೂನಿಯರ್‌ಗೆ ತಿಂಗಳ ಮೊದಲ ವಾರವೇ ಒಂದು ಗೊತ್ತಾದ ಮೊತ್ತ ಕೊಡಿ, ಅವನು ಕೇಳುವವರೆಗೆ ಕಾಯಬೇಡಿ. ಓದಿ ಮುಗಿಸಿದ ಪುಸ್ತಕಗಳನ್ನು ಕಾಲೇಜಿಗೆ ಕೊಡಿ. ತಿಂಗಳಿಗೊಂದು ಭಾನುವಾರ ದಾವೆ, ಜಾಮೀನು ಅರ್ಜಿ ಬರೆಯುವುದನ್ನು ಕೂರಿಸಿಕೊಂಡು ಕಲಿಸಿ. ಪಿ.ಯು.ಸಿ. ಓದುವ ಹಳ್ಳಿಯ ಮಕ್ಕಳಿಗೆ ಕಾನೂನು ಓದೂ ಒಂದು ದಾರಿ ಎಂದು ಹೋಗಿ ಹೇಳಿ.

ಕೊಡುವಾಗ ಫೋಟೋ ಬೇಡ. ದಾನದಲ್ಲಿ ಕೊಟ್ಟವನು ಮೇಲೆ, ಪಡೆದವನು ಕೆಳಗೆ. ದಾಸೋಹದಲ್ಲಿ ಮೇಲು ಕೀಳಿಲ್ಲ. ನಿಮಗೂ ಒಂದು ಕಾಲಕ್ಕೆ ಯಾರೋ ಕಡತ ಕೊಟ್ಟು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೀಗೆ ವಾದಿಸಪ್ಪಾ ಎಂದು ಹೇಳಿಕೊಟ್ಟಿದ್ದಾರೆ. ಆ ಋಣ ಅವರಿಗೆ ತೀರಿಸುವಂಥದಲ್ಲ, ಮುಂದೆ ಬರುವವರಿಗೆ ತೀರಿಸುವಂಥದು.