ಹಿಣಿಲು, ನೊಗ ಮತ್ತು ಸ್ನಾಯು



ದುಡಿದ ಮೈಗೆ ಕಸುವು ಕೂಡುತ್ತದೆಂಬ ನಂಬಿಕೆ ನಮ್ಮ ರೈತರಲ್ಲಿ ತಲೆಮಾರುಗಳಿಂದ ಸಲ್ಲುತ್ತ ಬಂದಿರುವುದಷ್ಟೆ. ಆ ನಂಬಿಕೆ ಎಷ್ಟರಮಟ್ಟಿಗೆ ದಿಟ, ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂಬುದನ್ನು ಉಳುವ ಎತ್ತನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಿಸುವುದು ಈ ಉಪನ್ಯಾಸದ ಉದ್ದೇಶ.

ಹಳ್ಳಿಕಾರ್ ತಳಿಯ ಬೀಜದ ಹೋರಿಯೊಂದನ್ನೂ ಅದೇ ತಳಿಯ ನೇಗಿಲೆತ್ತೊಂದನ್ನೂ ಒತ್ತಟ್ಟಿಗೆ ನಿಲ್ಲಿಸಿ ನೋಡಿದರೆ, ಒಂದು ದಿನವೂ ನೊಗಕ್ಕೆ ಕೊರಳೊಡ್ಡದ ಹೋರಿಯ ಹಿಣಿಲು ಉಬ್ಬಿ ನಿಂತಿರುವುದೂ, ವರ್ಷಾನುವರ್ಷ ಹೊಲವನ್ನು ಉತ್ತ ಎತ್ತಿನ ಹಿಣಿಲು ತಗ್ಗಿರುವುದೂ ಕಣ್ಣಿಗೆ ಬೀಳುತ್ತದೆ. ಹಿಣಿಲೆಂಬುದು ಕೊಬ್ಬು ಬೆರೆತ ಮಾಂಸಖಂಡ; ಅದನ್ನು ಪೋಷಿಸುವುದು ವೃಷಣಗಳಲ್ಲಿ ಹುಟ್ಟುವ ಹಾರ್ಮೋನು; ಬೀಜ ಒಡೆಸಿದ ಮೇಲೆ ಆ ಪೋಷಣೆ ತಪ್ಪಿ, ಎಷ್ಟು ದುಡಿಸಿದರೂ ಹಿಣಿಲು ಹೋರಿಯದಕ್ಕೆ ಸರಿಗಟ್ಟದು. ಇನ್ನು ಹೆಗಲ ಮೇಲೆ ನೊಗ ಉಜ್ಜಿ ಎದ್ದ ದಡ್ಡನ್ನು ತೋರಿಸಿ ಇದು ದುಡಿಮೆಯ ಬಲವೆನ್ನುವವರುಂಟು. ಅದು ಬರಿಯ ಚರ್ಮ, ಸ್ನಾಯುವಲ್ಲ.

ಹಾಗಾದರೆ ದುಡಿಮೆಯಿಂದ ಆಗುವುದೇನು? ಸ್ನಾಯುತಂತುಗಳ ಸಂಖ್ಯೆ ಕರು ತಾಯಿಯ ಗರ್ಭದಲ್ಲಿರುವಾಗಲೇ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಹುಟ್ಟಿದ ಮೇಲೆ ತಂತುಗಳು ಉದ್ದವಾಗಬಹುದು, ದಪ್ಪವಾಗಬಹುದು, ಗಣನೀಯವಾಗಿ ಹೆಚ್ಚಲಾರವು. ಭಾರವನ್ನೆಳೆಯುವಾಗ ತಂತುವಿನ ಮೇಲೆ ಬೀಳುವ ಬಿಗಿತದಿಂದ, ಅದರ ಮಗ್ಗುಲಲ್ಲೇ ನಿಶ್ಚೇಷ್ಟಿತವಾಗಿ ಮಲಗಿರುವ, 1961ರಲ್ಲಿ ಅಲೆಕ್ಸಾಂಡರ್ ಮೌರೋ ಮೊದಲು ವರ್ಣಿಸಿದ ಉಪಕೋಶಗಳು ಎಚ್ಚೆತ್ತು, ವಿಭಜನೆಗೊಂಡು, ತಂತುವಿನೊಡನೆ ಬೆಸೆದುಕೊಂಡು ಅದಕ್ಕೆ ಹೊಸ ಕೋಶಕೇಂದ್ರಗಳನ್ನು ಒದಗಿಸುತ್ತವೆ; ತಂತು ದಪ್ಪವಾಗುವುದು ಹೀಗೆ. ಆದರೆ ಇದು ಭಾರದ ಮಾತು. ಹಗುರವಾದ ಗಾಡಿಯನ್ನು ಹರಿದಾರಿಗಟ್ಟಲೆ ಎಳೆಯುವ ಎತ್ತಿನಲ್ಲಿ ಗಾತ್ರ ಅಷ್ಟಾಗಿ ಬೆಳೆಯುವುದಿಲ್ಲ. ಅಲ್ಲಿ ತಂತುಗಳ ಸುತ್ತ ಲೋಮನಾಳಗಳು ದಟ್ಟವಾಗುತ್ತವೆ, ಪ್ರಾಣವಾಯುವನ್ನು ಬಳಸಿ ಶಕ್ತಿಯನ್ನು ಬಿಡಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಬೇಗ ಬಳಲುವ ತಂತುಗಳು ಬಳಲಿಕೆಯನ್ನು ತಾಳುವ ಬಗೆಯವಾಗುತ್ತ ಹೋಗುತ್ತವೆ. ಎತ್ತಿನ ಕಸುವನ್ನು ತೊಡೆಯ ಸುತ್ತಳತೆಯಿಂದ ಅಳೆಯಹೊರಟ ದಲ್ಲಾಳಿ ಮೋಸಹೋಗುವುದು ಇಲ್ಲಿಯೇ. ಗೇಯ್ಮೆ ನಿಲ್ಲಿಸಿ ತಿಂಗಳುಗಟ್ಟಲೆ ಕಟ್ಟಿಹಾಕಿದರಂತೂ ಈ ಸಂಪಾದನೆ ಬಹುಮಟ್ಟಿಗೆ ಕರಗುತ್ತದೆ. ಆದಕಾರಣ ಮುಂಗಾರಿಗೆ ಮುನ್ನ ಕೆಲವು ದಿನ ಹಗುರ ಕೆಲಸಕ್ಕೆ ಹೂಡಿ ಆಮೇಲೆ ನೇಗಿಲಿಗೆ ಕಟ್ಟುವುದು ಯುಕ್ತ.

ಸ್ನಾಯುಗಳಲ್ಲಿ ಬಳಲಿಕೆಯನ್ನು ತಾಳುವ ಕೆಂಪು, ಬೇಗ ಬಳಲುವ ಬಿಳಿ ಎಂಬ ಭೇದವನ್ನೂ ಅವುಗಳ ಕ್ರಿಯಾವ್ಯತ್ಯಾಸವನ್ನೂ ಫ್ರಾನ್ಸಿನ ರಾನ್ವಿಯೆ 1873ರಲ್ಲಿ ಮೊಲದಲ್ಲಿ ತೋರಿಸಿದನು. ನೆಲದ ಮೇಲೆ ಓಡಾಡುವ ಕೋಳಿಯ ಕಾಲಿನ ಮಾಂಸ ಕೆಂಪು, ಅಪರೂಪಕ್ಕೆ ಬಡಿಯುವ ರೆಕ್ಕೆಗಳನ್ನು ನಡೆಸುವ ಎದೆಯ ಮಾಂಸ ಬಿಳಿ. ದೂರ ಹಾರುವ ಪಾರಿವಾಳದ ಎದೆ ಕಪ್ಪುಗೆಂಪು. ಈ ಬಣ್ಣಭೇದ ಒಂದು ಹಕ್ಕಿ ತನ್ನ ಬಾಳಿನಲ್ಲಿ ವ್ಯಾಯಾಮದಿಂದ ಗಳಿಸಿದ್ದಲ್ಲ, ಕುಲದಿಂದ ಬಂದದ್ದು. ಹಾಗೆಯೇ, ಸ್ನಾಯುವಿನ ಬೆಳವಣಿಗೆಗೆ ಮಾಯೊಸ್ಟ್ಯಾಟಿನ್ ಎಂಬ ಪ್ರೋಟೀನು ಹಾಕುವ ಕಡಿವಾಣ ಜನ್ಮತಃ ತಪ್ಪಿದ ಬೆಲ್ಜಿಯನ್ ಬ್ಲೂ ದನಗಳು ನೊಗ ಕಾಣದೆಯೂ ಮಿತಿಮೀರಿ ಮಾಂಸಲವಾಗುವುದಕ್ಕೆ ಕಾರಣ 1997ರಲ್ಲಿ ಬಯಲಾಯಿತು. 

ನಮ್ಮ ನಾಡಿನ ದನಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೆಂಬ ಅರಮನೆಯ ದನಗಳ ಇಲಾಖೆಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರು ಹೊತ್ತು, ಫಿರಂಗಿಗಳನ್ನೆಳೆದು, 1799ರ ಬಳಿಕ ಇಂಗ್ಲಿಷರ ವಶವಾದ ಹಿಂಡಿನ ಬಿಗಿಮೈಯೂ ಬಿರುನಡೆಯೂ ಕಾವಲುಗಳೆಂಬ ಹುಲ್ಲುಗಾವಲುಗಳ ಅಲೆದಾಟದಿಂದಲೇ ಬಂದುವೆಂದು ಹೇಳುವುದುಂಟು. ನನ್ನ ಮತದಲ್ಲಿ ತಳಿಗಾಗಿ ಹೋರಿಗಳನ್ನು ಆರಿಸುವ ಆಯ್ಕೆಯ ಪಾಲೇ ದೊಡ್ಡದು. ಆದರೆ ಆಯ್ಕೆಯಲ್ಲೊಂದು ತೊಡಕಿದೆ: ನೊಗದಲ್ಲಿ ಪರೀಕ್ಷೆ ಕೊಟ್ಟ ಎತ್ತಿಗೆ ಸಂತಾನವಿಲ್ಲ, ಸಂತಾನ ಕೊಡುವ ಹೋರಿಗೆ ನೊಗವಿಲ್ಲ. ಎತ್ತು ದುಡಿದು ಗಳಿಸಿದ ಸ್ನಾಯು ಅದರೊಡನೆಯೇ ಮುಗಿಯುವುದರಿಂದ, ಹೋರಿಯನ್ನು ಆರಿಸುವವನು ಅದರ ಒಡಹುಟ್ಟಿದ ಎತ್ತುಗಳು ಹೊಲದಲ್ಲಿ ಹೇಗೆ ಎಳೆಯುತ್ತವೆಂದು ನೋಡಿಬರಬೇಕಾಗುತ್ತದೆ. ಟ್ರ್ಯಾಕ್ಟರು ಉಳುವ ಊರುಗಳಲ್ಲಿ ಹೋಗಿ ನೋಡುವುದಕ್ಕೆ ಅಂಥ ಎತ್ತುಗಳೇ ಉಳಿದಿಲ್ಲ.