ಸಿನಿಮಾ ನೋಡಿದ್ದೇವೆ, ಇನ್ನು ಪುಸ್ತಕ ಓದೋಣ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನ ಕಲಿಕಾ ಕೇಂದ್ರಗಳಿಂದ ನೀವು ಇಂದು ಇಲ್ಲಿಗೆ ಬಂದಿದ್ದೀರಿ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಟ್ಟು, ದನಕ್ಕೆ ನೀರು ಕುಡಿಸಿ ಬಂದಿದ್ದೀರಿ. ಕೆಲವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ನಾವು ದೊಡ್ಡ ಭಾಷಣ ಮಾಡುವುದಿಲ್ಲ. ಒಂದು ಮಾತು ಕೇಳುತ್ತೇವೆ, ಹೇಳಿರಿ. ನಿಮಗೆ ಯಾವ ಸಿನಿಮಾ ಬಹಳ ಸೇರುತ್ತದೆ?

ನಗಬೇಡಿರಿ. ಇದೂ ಪಾಠವೇ.

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಸಂಜೆ ಕೇಂದ್ರದಲ್ಲಿ ನಿಮ್ಮಂಥ ಅಕ್ಕಂದಿರ ಕೂಡ ಕೂಡುತ್ತೇವೆ. ನಮ್ಮ ಕೇಂದ್ರದಲ್ಲಿ ವಾರಕ್ಕೊಮ್ಮೆ ಪಾಠ ಮುಗಿದ ಮೇಲೆ ಅರ್ಧ ತಾಸು ಮಾತುಕತೆ ಇರುತ್ತದೆ. ಒಮ್ಮೆ ಸಿನಿಮಾದ ಮಾತು ಬಂತು. ಅಂದು ಅರ್ಧ ತಾಸು ಹೋಗಿ ಎರಡು ತಾಸು ಆಯಿತು.

ಒಬ್ಬಾಕೆ ಅಂದಳು: "ನನಗ ಬಂಗಾರದ ಮನುಷ್ಯ ಸೇರತದರಿ. ಅಕ್ಕ ರಂಡಮುಂಡಿ ಆದ್ಲು ಅಂತ ತಮ್ಮ ಊರಿಗೆ ಬಂದು ನಿಂತ. ಬಂಜರ ಹೊಲಾ ಹಸನ ಮಾಡಿದ. ಅಂಥಾ ತಮ್ಮ ಎಲ್ಲಾರಿಗೂ ಇರಬೇಕ್ರಿ."

ಇನ್ನೊಬ್ಬಾಕೆಗೆ ನಾಗರಹಾವು ಬೇಕು. "ಆ ಮೇಷ್ಟ್ರ ಮಾತು ಕೇಳಿ ಹುಡುಗ ಅಲಮೇಲುನ್ನ ಬಿಟ್ಟ. ಆಕಿ ಬಾಳೇವು ಹಾಳಾತು. ಮೇಷ್ಟ್ರದ ತಪ್ಪು" ಅಂದಳು. ಪಕ್ಕದಾಕೆ ಒಪ್ಪಲಿಲ್ಲ. "ಮೇಷ್ಟ್ರಿಗೆ ಅಂವ ಅಂದ್ರ ಜೀವ ಇತ್ತು. ಮಂದಿ ಮಾತಿಗೆ ಅಂಜಿದ್ರು, ಅಷ್ಟ" ಅಂದಳು. ಜಗಳವೇ ಆಗುವ ಹಾಗೆ ಆಯಿತು.

ಆಗ ನಾವು ಕೇಳಿದೆವು: "ಈ ಎರಡೂ ಮೊದಲು ಪುಸ್ತಕ ಆಗಿದ್ದವು. ನಿಮಗೆ ಗೊತ್ತೇನು?"

"ಇಲ್ರೀ ಅಕ್ಕೋರ" ಅಂದರು ಎಲ್ಲರೂ.

ಪುಸ್ತಕ ಸಿನಿಮಾ ಆಗುವಾಗ

ಹೌದು. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ಟಿ.ಕೆ. ರಾಮರಾವ್ ಅವರ ಕಾದಂಬರಿ. ಅದೇ ವರ್ಷ ಬಂದ 'ನಾಗರಹಾವು' ತ.ರಾ. ಸುಬ್ಬರಾಯರದು. ಅವರನ್ನು ತ.ರಾ.ಸು. ಎಂದು ಕರೆಯುತ್ತಾರೆ. ಅವರು ಬರೆದದ್ದು ಒಂದು ಪುಸ್ತಕವಲ್ಲ, ಮೂರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರನ್ನೂ ಕೂಡಿಸಿ ಪುಟ್ಟಣ್ಣ ಕಣಗಾಲ್ ಅವರು ಒಂದು ಸಿನಿಮಾ ಮಾಡಿದರು.

ಮೂರು ಪುಸ್ತಕ ಮೂರು ತಾಸಿನಲ್ಲಿ ಹಿಡಿಸುತ್ತವೆಯೇ? ಹಿಡಿಸುವುದಿಲ್ಲ. ಒಂದಿಷ್ಟು ಬಿಡಬೇಕಾಗುತ್ತದೆ. ಒಂದಿಷ್ಟು ಹಾಡು ಸೇರಿಸಬೇಕಾಗುತ್ತದೆ. ಸಿನಿಮಾ ನೋಡಿ ಜನ ಮೆಚ್ಚಿದರು. ಆದರೆ ತ.ರಾ.ಸು. ಅವರಿಗೆ ಸಮಾಧಾನ ಆಗಲಿಲ್ಲ. ತಾವು ಬರೆದ ಹಾಗೆ ಬಂದಿಲ್ಲ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು.

ಜೋಳ ಒಂದೇ. ಒಬ್ಬರು ರೊಟ್ಟಿ ಮಾಡುತ್ತಾರೆ, ಒಬ್ಬರು ನುಚ್ಚು ಮಾಡುತ್ತಾರೆ. ರುಚಿ ಬೇರೆ ಬೇರೆ. ಎರಡನ್ನೂ ಉಂಡವರಿಗೆ ಮಾತ್ರ ಯಾವುದು ಹೇಗಿದೆ ಎಂದು ಹೇಳಲು ಬರುತ್ತದೆ. ಇಷ್ಟು ದಿನ ನಿಮಗೆ ಸಿನಿಮಾದ ರುಚಿ ಅಷ್ಟೇ ಗೊತ್ತಿತ್ತು. ಈಗ ನಿಮಗೆ ಓದು ಬಂದಿದೆ.

ಶರಪಂಜರ

ನಮ್ಮ ಕೇಂದ್ರದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇವೆ. ಆ ಅಕ್ಕನ ಹೆಸರು ಹೇಳುವುದಿಲ್ಲ. ಊರೂ ಹೇಳುವುದಿಲ್ಲ. ಆಕೆಯನ್ನು ಕೇಳಿಯೇ ಹೇಳುತ್ತಿದ್ದೇವೆ.

'ಶರಪಂಜರ' ಎಂಬ ಸಿನಿಮಾ 1971ರಲ್ಲಿ ಬಂತು. ಇದನ್ನೂ ಪುಟ್ಟಣ್ಣ ಕಣಗಾಲ್ ಅವರೇ ಮಾಡಿದರು. ಕಲ್ಪನಾ ಅವರು ಕಾವೇರಿಯ ಪಾತ್ರ ಮಾಡಿದರು. ಶರ ಎಂದರೆ ಬಾಣ. ಶರಪಂಜರ ಎಂದರೆ ಬಾಣಗಳ ಪಂಜರ. ಕಾವೇರಿ ಒಳ್ಳೆಯ ಮನೆಯ ಸೊಸೆ. ಬಾಣಂತಿಯಾದ ಮೇಲೆ ಆಕೆಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು ನಂಬುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡ ದೂರವಾಗುತ್ತಾನೆ, ಇನ್ನೊಬ್ಬಳ ಕಡೆ ಹೋಗುತ್ತಾನೆ. ಕಡೆಗೆ ಕಾವೇರಿಯ ಮನಸ್ಸು ಮತ್ತೆ ಕೆಡುತ್ತದೆ.

ಈ ಕಥೆ ಬರೆದವರು ತ್ರಿವೇಣಿ. ಅವರು ಮನಶ್ಶಾಸ್ತ್ರ ಓದಿದ್ದರು. ಮನಸ್ಸಿನ ಕಾಯಿಲೆ ಪಾಪವಲ್ಲ, ಶಾಪವಲ್ಲ ಎಂದು ಆ ಕಾಲದಲ್ಲೇ ಕಥೆಯ ಮೂಲಕ ಹೇಳಿದರು. 1963ರಲ್ಲಿ, 35 ವರ್ಷ ತುಂಬುವ ಮೊದಲೇ, ಹೆರಿಗೆಯ ಬೆನ್ನಿಗೇ ಅವರು ತೀರಿಕೊಂಡರು. ತಮ್ಮ ಕಾವೇರಿಯನ್ನು ಸಿನಿಮಾದಲ್ಲಿ ಅವರು ನೋಡಲೇ ಇಲ್ಲ.

ನಮ್ಮ ಕೇಂದ್ರದ ಅಕ್ಕಂದಿರು ಈ ಸಿನಿಮಾವನ್ನು ಟಿ.ವಿ.ಯಲ್ಲಿ ನೋಡಿ ಅತ್ತಿದ್ದರು. ಮರುದಿನ ಮಾತು ಶುರುವಾಯಿತು. "ಎಲ್ಲಾ ಗಂಡಂದ ತಪ್ಪು" ಅಂದಳು ಒಬ್ಬಾಕೆ. "ಅಲ್ಲ, ಆಡಿಕೊಳ್ಳೋ ಮಂದೀದು" ಅಂದಳು ಇನ್ನೊಬ್ಬಾಕೆ. "ತವರಮನಿಗೆ ಬಂದುಬಿಡಬೇಕಿತ್ತು ಆಕಿ" ಅಂದಳು ಒಬ್ಬ ಆಯಿ. ಒಬ್ಬಾಕೆ ಮಾತ್ರ ಏನೂ ಅನ್ನಲಿಲ್ಲ. ಆಕೆ ಯಾವಾಗಲೂ ಹಾಗೆಯೇ. ಮೂಲೆಯಲ್ಲಿ ಕೂಡುತ್ತಿದ್ದಳು. ಪಾಠ ಕಲಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಾವು ಗ್ರಂಥಾಲಯದಿಂದ ಪುಸ್ತಕ ತಂದೆವು. ದಿನಕ್ಕೆ ಎರಡು ಪುಟ ಎಂದು ಮಾತಾಯಿತು. ಒಬ್ಬರು ಓದುವುದು, ಉಳಿದವರು ಕೇಳುವುದು. ಒತ್ತಕ್ಷರ ಬಂದಲ್ಲಿ ನಿಂತು ಕೂಡಿಸಿ ಓದುವುದು. ಮೊದಲು ಬೇಸರ ಆಯಿತು. ಎಂಟು ದಿನದ ಮೇಲೆ ಯಾರೂ ತಪ್ಪಿಸಲಿಲ್ಲ.

ಒಂದು ದಿನ ಮೂಲೆಯ ಅಕ್ಕನ ಸರದಿ ಬಂತು. ಕಾವೇರಿ ಆಸ್ಪತ್ರೆಯಿಂದ ಬಂದ ಮೇಲಿನ ಭಾಗ ಅದು. ಆಕೆ ನಾಲ್ಕು ಸಾಲು ಓದಿದಳು. ನಿಂತಳು. ಅಕ್ಷರ ತಿಳಿಯಲಿಲ್ಲ ಎಂದುಕೊಂಡು ನಾವು ಹೇಳಿಕೊಡಲು ಹೋದೆವು.

"ಅಕ್ಷರ ತಿಳಿದಾವ್ರಿ ಅಕ್ಕೋರ. ಅದಕ್ಕ ನಿಂತೀನಿ" ಅಂದಳು.

ಆಮೇಲೆ ಹೇಳಿದಳು. ಎರಡನೆಯ ಹೆರಿಗೆ ಆದ ಮೇಲೆ ಆಕೆಗೆ ನಿದ್ದೆ ಹತ್ತಲಿಲ್ಲವಂತೆ. ಕೂಸನ್ನು ನೋಡಿದರೆ ಅಂಜಿಕೆ. ಇದು ನನ್ನ ಕೂಸಲ್ಲ ಅನ್ನಿಸುತ್ತಿತ್ತಂತೆ. ಗಾಳಿ ಸೋಕಿದೆ ಎಂದರು. ದಾರ ಕಟ್ಟಿಸಿದರು. ಬೇವಿನ ಟೊಂಗೆಯಿಂದ ಹೊಡೆಸಿದರು. ಕಡೆಗೆ ಅಣ್ಣ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕೆಲವು ತಿಂಗಳಲ್ಲಿ ಆರಾಮ ಆಯಿತು.

"ಹನ್ನೆರಡ ವರ್ಷ ಆತ್ರಿ" ಅಂದಳು. "ಎಲ್ಲಾರ ಮನ್ಯಾಗೂ ಸಾರಿಗೆ ಉಪ್ಪು ಹೆಚ್ಚಾಗತದ. ನಮ್ಮ ಮನ್ಯಾಗ ಹೆಚ್ಚಾದ್ರ ಎಲ್ಲಾರೂ ನನ್ನ ಮಾರಿ ನೋಡತಾರ."

ಯಾರೂ ಮಾತಾಡಲಿಲ್ಲ. ಆಕೆಯ ಓಣಿಯವಳೇ ಒಬ್ಬಾಕೆ ಅಲ್ಲಿ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಆಕೆಯ ಮಗ್ಗುಲಲ್ಲಿ ಕೂತಳು. "ನಾನೂ ಅಂದೀನಿ ತಂಗಿ, ಹುಚ್ಚಿ ಅಂತ. ನಿನ್ನ ಹಿಂದ ಅಂದೀನಿ" ಅಂದಳು.

ತಪ್ಪು ನಮ್ಮದೂ ಇದೆ. ಆಕೆ ಮೆತ್ತಗಿನವಳು, ತೊಂದರೆ ಕೊಡುವುದು ಬೇಡ ಎಂದು ನಾವು ಎಷ್ಟೋ ಸಲ ಆಕೆಯ ಸರದಿ ದಾಟಿಸಿ ಮುಂದೆ ಹೋಗಿದ್ದೆವು. ಹನ್ನೆರಡು ವರ್ಷದಲ್ಲಿ ಆಕೆಯನ್ನು 'ಏನಾಗಿತ್ತು' ಎಂದು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಒಂದು ಪುಸ್ತಕದ ನಾಲ್ಕು ಸಾಲು ಕೇಳಿದವು.

ಸಿನಿಮಾ ಯಾಕೆ ಕೇಳಲಿಲ್ಲ? ಆಕೆಯೇ ಹೇಳಿದಳು. "ಸಿನಿಮಾ ಮುಂದ ಮುಂದ ಹೋಗತದರಿ. ಅಳೂದ್ರಾಗ ಮುಗಿದು ಹೋಗತದ. ಪುಸ್ತಕ ಹಂಗಲ್ಲ. ನಾ ನಿಂತ್ರ ಅದೂ ನಿಂದರತದ."

ಅಕ್ಕಂದಿರೇ, ನಾವು ಇಂದು ಹೇಳಬೇಕೆಂದದ್ದು ಇದೇ ಮಾತು. ಇದಕ್ಕಿಂತ ಚೆನ್ನಾಗಿ ನಮಗೆ ಹೇಳಲು ಬರುವುದಿಲ್ಲ.

ಪುಸ್ತಕ ಮುಗಿದ ದಿನ ಮತ್ತೆ ಚರ್ಚೆ ಆಯಿತು. ಆ ಅಕ್ಕ ಈ ಸಲ ಬಾಯಿಬಿಟ್ಟಳು. "ನಾ ಬರದಿದ್ರ ಕಾವೇರೀನ್ನ ಆರಾಮ ಮಾಡತಿದ್ದೆ. ನಾ ಆರಾಮ ಆಗೀನಲ್ಲ?" ಆಯಿ ಅಂದಳು: "ಆರಾಮ ಮಾಡಿದ್ರ ಮಂದಿ ಮರತ ಬಿಡತಾರ ಯವ್ವಾ. ಹಂಗ ಬರದಿದ್ದಕ್ಕ ಎದಿಯಾಗ ನಟ್ಟತಿ." ಇಬ್ಬರ ಮಾತಿನಲ್ಲೂ ಸತ್ಯ ಇದೆ. ನಿಮ್ಮ ಅಭಿಪ್ರಾಯ ಯಾವುದು? ಓದಿ ಹೇಳಿರಿ.

ಇಲ್ಲಿ ಒಂದು ತಿಳಿವಳಿಕೆಯ ಮಾತು. ಬಾಣಂತಿಗೆ ನಿದ್ದೆ ಬರದಿದ್ದರೆ, ಸುಮ್ಮನೆ ಅಳುತ್ತಿದ್ದರೆ, ಕೂಸಿನ ಮೇಲೆ ಮನಸ್ಸು ಇಲ್ಲದಿದ್ದರೆ, ಏನೇನೋ ಕಂಡಂತೆ ಕೇಳಿದಂತೆ ಆಗುತ್ತಿದ್ದರೆ ಅದು ಗಾಳಿಯಲ್ಲ, ಕಾಯಿಲೆ. ಔಷಧದಿಂದ ಗುಣವಾಗುತ್ತದೆ. ಆಕೆಯನ್ನೂ ಕೂಸನ್ನೂ ಒಂಟಿಯಾಗಿ ಬಿಡಬಾರದು. ತಡ ಮಾಡದೆ ಆಶಾ ಕಾರ್ಯಕರ್ತೆಗೆ ಹೇಳಿರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ತೊಂದರೆಗೆ ಸರಕಾರದ 'ಟೆಲಿ ಮಾನಸ್' ಎಂಬ ಫೋನ್ ಸೇವೆ ಇದೆ. 2022ರಲ್ಲಿ ಶುರುವಾಯಿತು. ನಂಬರು 14416. ದುಡ್ಡು ಬೀಳುವುದಿಲ್ಲ. ಕನ್ನಡದಲ್ಲಿ ಮಾತಾಡಬಹುದು. ಈ ನಂಬರನ್ನು ನಿಮ್ಮ ಕೈಯಿಂದಲೇ ಗೋಡೆಯ ಮೇಲೆ ಬರೆದಿಡಿರಿ.

45 ವರ್ಷಕ್ಕೆ ಬರೆಯಲು ಕೂತವರು

"ನಮಗ ವಯಸ್ಸಾತು, ಇನ್ನೇನ ಓದೂದು" ಎಂದು ನಿಮ್ಮಲ್ಲಿ ಕೆಲವರು ಅನ್ನುತ್ತೀರಿ. ಎಂ.ಕೆ. ಇಂದಿರಾ ಅವರ ಹೆಸರು ಕೇಳಿರಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದರು. 12ನೆಯ ವಯಸ್ಸಿಗೆ ಮದುವೆ ಮಾಡಿದರು. ಶಾಲೆ ಅಲ್ಲಿಗೆ ನಿಂತಿತು. ಕಾದಂಬರಿ ಬರೆಯಲು ಅವರು ಕೂತಾಗ ವಯಸ್ಸು 45ರ ಹತ್ತಿರ. 1963ರಲ್ಲಿ ಅವರ 'ತುಂಗಭದ್ರಾ' ಬಂತು. ಆಮೇಲೆ ಬರೆಯುತ್ತಲೇ ಹೋದರು.

ಅವರು ಬರೆದ 'ಫಣಿಯಮ್ಮ' ನಿಜವಾಗಿ ಬಾಳಿದ ಒಬ್ಬ ತಾಯಿಯ ಕಥೆ. ಆ ತಾಯಿ ಇಂದಿರಾ ಅವರ ಅವ್ವನ ಮುಂದೆ ತನ್ನ ಬಾಳನ್ನು ಹೇಳಿಕೊಂಡಿದ್ದಳು. ಫಣಿಯಮ್ಮನಿಗೆ ಆಡುವ ವಯಸ್ಸಿನಲ್ಲೇ ಮದುವೆ. ಹುಡುಗ ಹಾವು ಕಡಿದು ಸತ್ತ. ಆಕೆಯ ತಲೆ ಬೋಳಿಸಿದರು. ಬಾಳೆಲ್ಲ ಮಂದಿಯ ಮನೆಯ ಕೆಲಸ ಮಾಡಿದಳು, ಬಾಣಂತಿಯರನ್ನು ನೋಡಿಕೊಂಡಳು. ಮುಂದೆ ದಾಕ್ಷಾಯಣಿ ಎಂಬ ಹರೆಯದ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಊರೇ ಸಿಟ್ಟಾಯಿತು. ಫಣಿಯಮ್ಮ ಮಾತ್ರ ಆ ಹುಡುಗಿಯ ಪರ ನಿಂತಳು. 1983ರಲ್ಲಿ ಪ್ರೇಮಾ ಕಾರಂತ ಅವರು ಇದನ್ನು ಸಿನಿಮಾ ಮಾಡಿದರು.

ನೋಡಿರಿ, ಬಾಳಿದವಳು ಹೆಂಗಸು. ಕೇಳಿ ಬರೆದವಳು ಹೆಂಗಸು. ಸಿನಿಮಾ ಮಾಡಿದವಳೂ ಹೆಂಗಸು. ಅಡುಗೆಮನೆಯಲ್ಲಿ ಮೆಲ್ಲಗೆ ಆಡಿದ ಮಾತು ಎಲ್ಲಿಯವರೆಗೆ ಹೋಯಿತು!

ಹಲಸಂಗಿಯ ಗೆಳೆಯರು

ಇದು ತೀರ್ಥಹಳ್ಳಿ ಕಡೆಯ ಮಾತಾಯಿತು. ನಮ್ಮ ಕಡೆಯದೂ ಇದೆ. ಇಂಡಿಯವರು ಕೇಳಿರಿ. ಹಲಸಂಗಿ ಹಿಂದೆ ನಿಮ್ಮ ತಾಲೂಕಿನಲ್ಲೇ ಇತ್ತು. ಈಗ ಚಡಚಣ ತಾಲೂಕಿಗೆ ಸೇರಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಕೂಡಿ ಓದುತ್ತಿದ್ದರು, ಕೂಡಿ ಚರ್ಚೆ ಮಾಡುತ್ತಿದ್ದರು. ನಮ್ಮ ಅವ್ವಂದಿರು, ಆಯಿಗಳು ಬೀಸುವಾಗ ಕುಟ್ಟುವಾಗ ಹಾಡಿದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅದು 'ಗರತಿಯ ಹಾಡು' ಎಂಬ ಪುಸ್ತಕ ಆಯಿತು. ದೊಡ್ಡ ದೊಡ್ಡ ಕವಿಗಳು ಅದನ್ನು ಓದಿ ತಲೆದೂಗಿದರು.

ಆ ಹಾಡು ಕಟ್ಟಿದ ತಾಯಂದಿರಿಗೆ ಅಕ್ಷರ ಬರುತ್ತಿರಲಿಲ್ಲ. ಬೇರೆಯವರು ಬರೆದುಕೊಳ್ಳಬೇಕಾಯಿತು. ಬಹಳ ಹಾಡುಗಳಿಗೆ ಯಾರು ಕಟ್ಟಿದರು ಎಂಬ ಹೆಸರೇ ಉಳಿಯಲಿಲ್ಲ. ನಿಮಗೆ ಈಗ ಅಕ್ಷರ ಬಂದಿದೆ. ನಿಮ್ಮ ಮಾತಿನ ಕೆಳಗೆ ನಿಮ್ಮ ಹೆಸರು ನೀವೇ ಬರೆಯಬಹುದು.

ಎರಡು ಹೊಸ ಕಥೆಗಳು

'ಹಸೀನಾ' ಎಂಬ ಸಿನಿಮಾ 2004ರದು. ಗಿರೀಶ ಕಾಸರವಳ್ಳಿ ಅವರು ಮಾಡಿದರು. ತಾರಾ ಅವರು ಹಸೀನಾ ಆಗಿದ್ದರು. ಇದು ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಎಂಬ ಕಥೆ. ಹೆಣ್ಣುಮಕ್ಕಳನ್ನೇ ಹೆತ್ತಳು ಎಂದು ಗಂಡ ಬಿಟ್ಟುಹೋಗುತ್ತಾನೆ. ಆಕೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಹತ್ತಿರ ಕೂತು ನ್ಯಾಯ ಕೇಳುತ್ತಾಳೆ. ಇದನ್ನು ನಾವು ಹೇಳಿದಾಗ ಕೇಂದ್ರದ ಒಬ್ಬ ಆಪಾ "ಇದು ನಮ್ಮ ಮಂದಿ ಕಥಿ" ಅಂದಳು. ಪಕ್ಕದಾಕೆ ಅಂದಳು: "ಇಲ್ಲ ಆಪಾ, ಹೆಣ್ಣ ಹಡದೋರ ಎಲ್ಲಾರ ಕಥೀನೂ ಇದ." ಬಾನು ಮುಷ್ತಾಕ್ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಮಾಡಿದರು. ಈ ಕಥೆಯೂ ಅದರಲ್ಲಿದೆ. 2025ರಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಎಂಬ ದೊಡ್ಡ ಬಹುಮಾನ ಬಂತು. ಕನ್ನಡದ ಪುಸ್ತಕಕ್ಕೆ ಅದು ಬಂದದ್ದು ಮೊದಲ ಸಲ.

ಇನ್ನೊಂದು ವೈದೇಹಿ ಅವರ ಕಥೆ. ಒಂದು ಊರಿಗೆ ಹೊಸದಾಗಿ ಟಾಕೀಸು ಬರುತ್ತದೆ. ಒಬ್ಬ ಸೂಲಗಿತ್ತಿ ಹೆಂಗಸರ ಬಾಗಿಲು ಕಾಯುವ ಕೆಲಸಕ್ಕೆ ಸೇರುತ್ತಾಳೆ. ಮನೆಬಿಟ್ಟು ಹೊರಗೆ ಬಾರದ ಹೆಂಗಸರು ಸಿನಿಮಾ ನೋಡಲು ಬರತೊಡಗುತ್ತಾರೆ. ಇದನ್ನು ಕಾಸರವಳ್ಳಿ ಅವರು 2008ರಲ್ಲಿ 'ಗುಲಾಬಿ ಟಾಕೀಸು' ಎಂದು ಸಿನಿಮಾ ಮಾಡಿದರು. ಉಮಾಶ್ರೀ ಅವರು ಗುಲಾಬಿ ಆದರು. ಸಿನಿಮಾದಲ್ಲಿ ಟಾಕೀಸಿನ ಬದಲು ಟಿ.ವಿ. ಬಂತು. ಊರು ಮೀನುಗಾರರ ಊರಾಯಿತು. ಯಾಕೆ ಬದಲು ಮಾಡಿದರು? ಸರಿ ಮಾಡಿದರೋ ತಪ್ಪು ಮಾಡಿದರೋ? ಎರಡನ್ನೂ ನೋಡಿದರೆ ಹೇಳಬಹುದು. ಪುಸ್ತಕವೇ ಹೆಚ್ಚು ಎಂದು ನಾವು ಹೇಳುವುದಿಲ್ಲ. ಸಿನಿಮಾ ನೋಡಿರಿ. ನೋಡಿ ಅಲ್ಲಿಗೇ ಬಿಡಬೇಡಿರಿ ಎಂದಷ್ಟೇ ನಮ್ಮ ಮಾತು.

ಇಷ್ಟು ಮಾಡೋಣ

ನಿಮ್ಮ ಊರಿಗೆ ಹೋದ ಮೇಲೆ ನಾಲ್ಕೈದು ಗೆಳತಿಯರು ಕೂಡಿರಿ. ಎಲ್ಲರೂ ನೋಡಿದ ಒಂದು ಸಿನಿಮಾ ಆರಿಸಿರಿ. ಅದು ಯಾವ ಪುಸ್ತಕದಿಂದ ಬಂತು ಎಂದು ಕೇಳಿ ತಿಳಿದುಕೊಳ್ಳಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ನೀವೇ ಪುಸ್ತಕ ಕೇಳಿರಿ. ಇಲ್ಲದಿದ್ದರೆ ತರಿಸಿಕೊಡಿರಿ ಎನ್ನಿರಿ. ನಾಚಬೇಡಿರಿ, ಗ್ರಂಥಾಲಯ ನಿಮ್ಮದೂ ಹೌದು. ದಿನಕ್ಕೆ ಎರಡು ಪುಟ ಓದಿರಿ. ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಮಾತು ಹೇಳಬೇಕು. ಮೂಲೆಯಲ್ಲಿ ಕೂತವಳ ಸರದಿಯನ್ನು ಯಾರೂ ದಾಟಿಸಬಾರದು.

ಆ ಅಕ್ಕ ಈಗ ಕೇಂದ್ರದಲ್ಲಿ ಎಲ್ಲರಿಗಿಂತ ಮುಂದೆ ಕೂಡುತ್ತಾಳೆ. ಹೊಸ ಪುಸ್ತಕ ಬಂದರೆ ಮೊದಲ ಪುಟ ಆಕೆಯದೇ. ಮೊನ್ನೆ 'ಫಣಿಯಮ್ಮ' ಶುರುವಾಯಿತು. ಓದುತ್ತಾ ಓದುತ್ತಾ ನಿಂತಳು. ನಾವು ಈ ಸಲ ಹೇಳಿಕೊಡಲು ಹೋಗಲಿಲ್ಲ. ಕಾದೆವು.

"ಇದೊಂದ ಒತ್ತಕ್ಷರ ಖರೇನ ತಿಳೀವಲ್ದರಿ" ಅಂದು ನಕ್ಕಳು.

ಎಲ್ಲರೂ ಕೂಡಿ ಬಿಡಿಸಿ ಓದಿದೆವು.