ಭುಜ ಕೂಡಿತು, ಧೈರ್ಯ ಕೂಡಿತಾ?

ಇವತ್ತಿನ ಮಾತು ನಮ್ಮ ಕಬಡ್ಡಿ ಹುಡುಗರದ್ದು, ಗರಡಿ ಪೈಲ್ವಾನರದ್ದು, ವಾಲಿಬಾಲ್ ಆಡೋ ಹುಡುಗಿಯರದ್ದು. ಭುಜದ ಆಪರೇಷನ್ ಆಗಿ ಆರೇಳು ತಿಂಗಳಾಗಿದೆ ಅಂತ ಇಟ್ಕೊಳ್ರಿ. ಡಾಕ್ಟರ್ "ಇನ್ನು ಆಡಬಹುದು" ಅಂದಿದ್ದಾರೆ. ಆದ್ರೂ ರೇಡರ್ ಎದುರಿಗೆ ಬಂದ ಕೂಡಲೇ ಕೈ ತಾನೇ ಹಿಂದಕ್ಕೆ ಸರಿಯುತ್ತೆ. ಯಾಕೆ?

ಮೊದಲೇ ಹೇಳ್ತೀನಿ, ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕದಾಗ ಒಂದು ಮಾತು ಕಲಿಸ್ತಾರೆ: ಎರಡೂ ಕಡೆ ತಾಳೆ ಆಗಬೇಕು. ಇಲ್ಲಿ ಒಂದು ಕಡೆ ದೇಹ, ಇನ್ನೊಂದು ಕಡೆ ಮನಸ್ಸು. ನಾವು ದೇಹದ ಕಡೆ ಮಾತ್ರ ಕೂಡಿಸಿ ಪುಸ್ತಕ ಮುಚ್ಚಿಬಿಡ್ತೀವಿ.

ಭುಜದ ಕೀಲು ಹೇಗಿದೆ ನೋಡ್ರಿ. ಸಣ್ಣ ತಟ್ಟೆ ಮೇಲೆ ದೊಡ್ಡ ನಿಂಬೆಹಣ್ಣು ಇಟ್ಟ ಹಾಗೆ. ಗುಂಡು ದೊಡ್ಡದು, ಬಟ್ಟಲು ಆಳ ಇಲ್ಲ. ಅದಕ್ಕೇ ಕೈ ಸುತ್ತಲೂ ತಿರುಗುತ್ತೆ, ಅದಕ್ಕೇ ಬೇಗ ಜಾರುತ್ತೆ ಕೂಡ. ಬಟ್ಟಲಿನ ಅಂಚಿಗೆ ಲ್ಯಾಬ್ರಮ್ ಅನ್ನೋ ಮೆತ್ತನೆಯ ಪಟ್ಟಿ ಇರುತ್ತೆ. ಕೀಲು ತಪ್ಪಿದಾಗ ಅದು ಹರಿದಿದ್ದರೆ ಮತ್ತೆ ಮೂಳೆಗೆ ಹೊಲಿದು ಕೂಡಿಸ್ತಾರೆ. ಇದಕ್ಕೆ ಬ್ಯಾಂಕಾರ್ಟ್ ರಿಪೇರಿ ಅಂತಾರೆ. ಆಮೇಲೆ ಕೆಲವು ವಾರ ಕೈ ಜೋಳಿಗೆಯಲ್ಲಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ.

ಇಪ್ಪತ್ತರ ಆಸುಪಾಸಿನ ವಯಸ್ಸು, ಜೊತೆಗೆ ಮೈಗೆ ಮೈ ತಾಗೋ ಆಟ. ಇವೆರಡೂ ಸೇರಿದ್ರೆ ಭುಜ ಮತ್ತೆ ಜಾರುವ ಅಪಾಯ ಹೆಚ್ಚು. ಅಂದ್ರೆ ಆ ಹುಡುಗನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಕಾರಣ ಇದೆ. ಅದನ್ನ "ಅಂಜುಬುರುಕ" ಅಂತ ನಗೋದು ತಪ್ಪು.

ಈ ಭಯವನ್ನೂ ಅಳೆಯಬಹುದು ಅಂದ್ರೆ ನಂಬ್ತೀರಾ? ಮೊಣಕಾಲಿನ ಆಪರೇಷನ್ ಆದವರಿಗಾಗಿ 2008ರಲ್ಲಿ ಒಂದು ಪ್ರಶ್ನಾವಳಿ ಬಂತು. ಅದನ್ನೇ ಭುಜಕ್ಕೆ ಹೊಂದಿಸಿ ಫ್ರಾನ್ಸ್‌ನ ವೈದ್ಯರು 2018ರಲ್ಲಿ ಎಸ್‌ಐ-ಆರ್‌ಎಸ್‌ಐ ಅನ್ನೋ ಮಾಪನ ಪ್ರಕಟಿಸಿದರು. ಅದರಲ್ಲಿ 12 ಪ್ರಶ್ನೆ. ಮತ್ತೆ ಪೆಟ್ಟಾಗುತ್ತೆ ಅಂತ ಅಂಜಿಕೆ ಇದೆಯಾ, ಮೊದಲಿನಂತೆ ಆಡ್ತೀನಿ ಅನ್ನೋ ನಂಬಿಕೆ ಇದೆಯಾ, ಆಡುವಾಗ ಭುಜದ ಕಡೆಗೇ ಗಮನ ಹೋಗುತ್ತಾ, ಇಂಥವು. 2022ರಲ್ಲಿ ಬಂದ ಬರ್ನ್ ಒಮ್ಮತ ಹೇಳಿಕೆಯಲ್ಲೂ ಭುಜದ ಗಾಯದವರು ಆಟಕ್ಕೆ ಮರಳೋ ಮುಂಚೆ ನೋವು, ಚಲನೆ, ಶಕ್ತಿಯ ಜೊತೆಗೆ ಮನಸ್ಸನ್ನೂ ನೋಡಬೇಕು ಅಂತ ಪರಿಣತರು ಹೇಳಿದ್ದಾರೆ.

ನಮ್ಮ ರಾಜ್ಯದ ಉದಾಹರಣೆ ಬೇಕಾ? ಕೆ.ಎಲ್. ರಾಹುಲ್. 2017ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಪುಣೆ ಟೆಸ್ಟ್‌ನಲ್ಲಿ ಭುಜಕ್ಕೆ ಪೆಟ್ಟಾಯ್ತು. ಆದ್ರೂ ಸರಣಿ ಪೂರ್ತಿ ಆಡಿದ್ರು. ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಆಪರೇಷನ್. ಆ ವರ್ಷದ ಐಪಿಎಲ್ ಪೂರ್ತಿ ಹೋಯ್ತು. ಆಗಸ್ಟ್‌ನಲ್ಲಿ ಶ್ರೀಲಂಕಾದಲ್ಲಿ ಮರಳಿ ಬಂದು ಕೊಲಂಬೊದಲ್ಲಿ 57, ಪಲ್ಲೆಕೆಲೆಯಲ್ಲಿ 85. ಹಿಂದಿನವನ್ನೂ ಸೇರಿಸಿದ್ರೆ ಸತತ 7 ಟೆಸ್ಟ್ ಇನಿಂಗ್ಸ್‌ನಲ್ಲಿ ಅರ್ಧಶತಕ!

ಕೇಳೋಕೆ ಚೆಂದ. ಆದ್ರೆ ಇದನ್ನ ತೋರಿಸಿ "ಅವನು ಬಂದ, ನೀನ್ಯಾಕೆ ಬರ್ಲಿಲ್ಲ" ಅಂತ ಯಾರನ್ನೂ ಕೇಳಬ್ಯಾಡ್ರಿ. ದೇಶಕ್ಕೆ ಆಡೋರ ಹಿಂದೆ ಫಿಸಿಯೋ, ಟ್ರೈನರ್, ಅಕಾಡೆಮಿ ಎಲ್ಲಾ ಇರುತ್ತೆ. ಬ್ಯಾಟಿಂಗ್ ಮಾಡೋದೂ ಎಂಬತ್ತು ಕೆಜಿ ಆಳನ್ನ ಹಿಡಿದು ಎಳೆಯೋದೂ ಒಂದೇ ಅಲ್ಲ. ನಮ್ಮ ಹುಡುಗ ಫಿಸಿಯೋಥೆರಪಿಗೆ ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ ಹತ್ತಬೇಕು. ಒಂದು ದಿನದ ಕೂಲಿ ಹೋಗುತ್ತೆ. ಮನೆಯಾಗ "ಆಟ ಸಾಕು ಮಾಡು" ಅಂತಾರೆ. ತಂಡದೋರು "ಜಾತ್ರೆ ಟೂರ್ನಿ ಬಂತು, ಇದೊಂದ್ಸಲ ಆಡಿಬಿಡು" ಅಂತಾರೆ. ಹುಡುಗಿಯಾದ್ರೆ ಮದುವೆ ಮಾತು ಬೇರೆ. ಮನಸ್ಸಿನ ಮೂಲೆಯಾಗ ಕ್ರೀಡಾ ಕೋಟಾದ ನೌಕರಿಯ ಆಸೆ. ಇಷ್ಟು ಭಾರ ಆ ಹೊಲಿದ ಭುಜದ ಮೇಲೇ!

ಇಲ್ಲಿ ಎರಡು ತಪ್ಪು ಆಗ್ತವೆ. ಒಂದು, ಮನಸ್ಸು ರೆಡಿ, ಭುಜ ರೆಡಿ ಇಲ್ಲ. ಎರಡು, ಭುಜ ರೆಡಿ, ಮನಸ್ಸು ಇಲ್ಲ. ಎರಡನೆಯವನು ಅರ್ಧ ಮನಸ್ಸಿನಿಂದ ಹಿಡಿತಾನೆ, ಮೈ ವಾರೆ ಮಾಡ್ತಾನೆ. ಹಿಡಿತ ತಪ್ಪುತ್ತೆ, ಇದ್ದ ಧೈರ್ಯವೂ ಹೋಗುತ್ತೆ.

ಹಂಗಾದ್ರೆ ಏನು ಮಾಡೋದು? ಡಾಕ್ಟರ್, ಫಿಸಿಯೋ ಒಪ್ಪಿದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಮೊದಲು ಒಬ್ಬರೇ ಅಭ್ಯಾಸ. ಆಮೇಲೆ ಮ್ಯಾಟ್ ಮೇಲೆ, ನಂಬಿಕೆಯ ಗೆಳೆಯನ ಜೊತೆ, ಅರ್ಧ ಬಲದಲ್ಲಿ. ಆಮೇಲೆ ಪೂರ್ತಿ ಬಲ. ಆಮೇಲೆ ಅಭ್ಯಾಸ ಪಂದ್ಯ. ಟೂರ್ನಿ ಕೊನೆಗೆ. ಪ್ರತಿ ಮೆಟ್ಟಿಲಲ್ಲೂ "ಇವತ್ತು ನಂಬಿಕೆ ಹತ್ತಕ್ಕೆ ಎಷ್ಟು?" ಅಂತ ಒಂದು ನೋಟ್‌ಬುಕ್ಕಿನಾಗ ಬರೀರಿ. ಅಂಕ ಏರದೇ ಇದ್ರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ ಇರ್ರಿ. ಆ ನೋಟ್‌ಬುಕ್ಕನ್ನ ಫಿಸಿಯೋಗೂ ತೋರಿಸ್ರಿ.

ಕೋಚ್‌ಗಳಿಗೆ ಒಂದು ವಿನಂತಿ. "ನೋವು ಇದೆಯಾ" ಅಂತ ಕೇಳಿದ ಮೇಲೆ "ಅಂಜಿಕೆ ಇದೆಯಾ" ಅಂತಲೂ ಕೇಳ್ರಿ. ಎಲ್ಲರ ಮುಂದೆ ಅಲ್ಲ, ಒಬ್ಬನೇ ಇದ್ದಾಗ.

ನಿದ್ದೆ ಬರ್ತಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ನೋ ಮಟ್ಟಕ್ಕೆ ಹೋದ್ರೆ 14416ಕ್ಕೆ ಫೋನ್ ಮಾಡ್ರಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಾ ಯೋಚಿಸಿ "ನಾನಿನ್ನು ಆಡಲ್ಲ" ಅಂತ ತೀರ್ಮಾನಿಸಿದ್ರೆ ಅದೂ ಸೋಲಲ್ಲ. ಆದ್ರೆ ಆ ತೀರ್ಮಾನ ನಿಮ್ಮದಾಗಿರಲಿ, ಭಯದ್ದೂ ಅಲ್ಲ, ಊರಿನದ್ದೂ ಅಲ್ಲ.

ನಿಮ್ಮ ತಂಡದಾಗ ಬೆಂಚ್ ಮೇಲೆ ಸುಮ್ಮನೆ ಕೂತ ಒಬ್ಬ ಆಟಗಾರ ಇರಬಹುದು. ಈ ಸಂಚಿಕೆಯ ಲಿಂಕ್ ಅವನಿಗೆ ಕಳಿಸ್ರಿ. ಕಳಿಸಿ ಬಿಡಬ್ಯಾಡ್ರಿ, ಸಂಜೆ ಹೋಗಿ ಜೊತೆಗೆ ಕೂಡ್ರಿ.